ಅನ್ನದ ಸಾಲು, ಪಾಠದ ಸಾಲು

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಿಕ್ಷಕ ಪ್ರಶಿಕ್ಷಣಾರ್ಥಿಗಳಿಗಾಗಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)

ಇವತ್ತಿನ ಮಾತು ಮುಖ್ಯವಾಗಿ, ಮುಂದಿನ ಸಾಲನ್ನು ಗಣ್ಯರಿಗೆ ಬಿಟ್ಟುಕೊಟ್ಟು ಹಿಂದೆ ಹೋಗಿ ಕೂತಿರುವ ಬಿ.ಇಡಿ. ಮತ್ತು ಡಿ.ಇಎಲ್.ಇಡಿ. ಪ್ರಶಿಕ್ಷಣಾರ್ಥಿಗಳಿಗೆ.

ನಮ್ಮ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದಂತೆ ಕೋಡಿಯ ಮಠ ಅಂತ ಒಂದಿತ್ತು. ಕಾಳಾಮುಖ ಶೈವರ ಮಠ. 1162ರ ಶಾಸನವೊಂದು ಆ ಮಠವನ್ನು ಬಾಯ್ತುಂಬ ಹೊಗಳುತ್ತದೆ. ಲೂಯಿಸ್ ರೈಸ್ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದಾಗಿನಿಂದ ನಮ್ಮ ವಿದ್ಯಾಭ್ಯಾಸದ ಚರಿತ್ರೆ ಬರೆಯುವವರೆಲ್ಲ ಇದನ್ನು ಉದಾಹರಿಸುತ್ತ ಬಂದಿದ್ದಾರೆ. ಅಲ್ಲಿ ನಾಲ್ಕು ವೇದಗಳ ಅಧ್ಯಯನ ನಡೆಯುತ್ತಿತ್ತು. ಪಾಣಿನಿ, ಶಾಕಟಾಯನರ ವ್ಯಾಕರಣಗಳಿಗೆ ವ್ಯಾಖ್ಯಾನ ಬರೆಯುತ್ತಿದ್ದರು. ನ್ಯಾಯ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನವನ್ನೂ ಓದುತ್ತಿದ್ದರು. ಪುರಾಣ, ಕಾವ್ಯ, ನಾಟಕ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಈ ಪಟ್ಟಿ ಮುಗಿದ ಮೇಲೆ ಶಾಸನ ಇನ್ನೊಂದು ಪಟ್ಟಿ ಕೊಡುತ್ತದೆ. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು, ಜೊತೆಗೆ ದೇಶದೇಶದ ಗಾಯಕರು, ವಾದಕರು, ಕಥೆ ಹೇಳುವವರು ಇವರಿಗೆಲ್ಲ ಅಲ್ಲಿ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಔಷಧವೂ ಸಿಗುತ್ತಿತ್ತು.

ಎಂಟೂವರೆ ಶತಮಾನದ ಹಿಂದೆ ಅಂಗವೈಕಲ್ಯವಿದ್ದವರನ್ನು ನೆನೆದು, ಅವರಿಗೆ ಅನ್ನದ ವ್ಯವಸ್ಥೆ ಮಾಡಿ, ಅದನ್ನು ಕಲ್ಲಿನಲ್ಲಿ ಕೆತ್ತಿಸಿದ ಊರು ನಮ್ಮದು. ಹೆಮ್ಮೆಪಡಬೇಕಾದದ್ದೇ. ಆದರೆ ಮೇಷ್ಟ್ರ ಕಣ್ಣಿಗೆ ಇನ್ನೊಂದು ಸಂಗತಿಯೂ ಬೀಳುತ್ತದೆ. ಓದಿದವರು ಯಾರೆಂದು ಶಾಸನ ಬಿಡಿಸಿ ಹೇಳುವುದಿಲ್ಲ. ಕುರುಡರು, ಕಿವುಡರು, ಕುಂಟರು ಹೆಸರು ಹಿಡಿದು ಬರುವುದು ಅನ್ನದ ಸಾಲಿನಲ್ಲಿ. ಇದರಿಂದ ಅವರಿಗೆ ಅಲ್ಲಿ ಪಾಠವೇ ಇರಲಿಲ್ಲ ಎಂದು ತೀರ್ಮಾನಿಸಲಾಗದು. ಶಾಸನ ಶಾಲೆಯ ದಾಖಲಾತಿ ಪುಸ್ತಕವಲ್ಲ. ಆದರೂ ಒಂದೇ ಸೂರಿನ ಕೆಳಗೆ ಎರಡು ಸಾಲು ಎಂಬ ಆ ಏರ್ಪಾಡು ಇವತ್ತಿನ ನಮ್ಮ ಸರ್ಕಾರಿ ಶಾಲೆಯ ಜಗಲಿಯಲ್ಲಿ ನನಗೆ ಚೆನ್ನಾಗಿ ಕಾಣುತ್ತದೆ. ಬಿಸಿಯೂಟದ ಲೆಕ್ಕದಲ್ಲಿ ಅಂಗವೈಕಲ್ಯವಿರುವ ಮಗು ಇದೆ. ಸಮವಸ್ತ್ರ, ಹಾಲು, ಮೊಟ್ಟೆಯ ಲೆಕ್ಕದಲ್ಲಿ ಇದೆ. ಮಧ್ಯಾಹ್ನ ಎರಡು ಗಂಟೆಯ ಗಣಿತದ ಪಿರಿಯಡ್ಡಿನಲ್ಲಿ ಮಾತ್ರ ಇಲ್ಲ. ಒಳಗೆ ಕೂತಿದ್ದರೂ ಇಲ್ಲ.

ಪಕ್ಕದ ಹಾನಗಲ್ಲು ತಾಲ್ಲೂಕಿನ ಕಡೆ ನೋಡಿ. ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ, ಕಣ್ಣು ಕಾಣದ ಹುಡುಗನೊಬ್ಬನಿಗೆ ಹಾನಗಲ್ಲ ಕುಮಾರಸ್ವಾಮಿಗಳು ಊಟ ಹಾಕಿ ಕಳಿಸಬಹುದಿತ್ತು. ಅವರು ಅವನಿಗೆ ಸಂಗೀತ ಕಲಿಸುವ ಗುರುಗಳನ್ನು ಹುಡುಕಿದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾದರು. ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಇನ್ನೊಬ್ಬ ಹುಡುಗನನ್ನು ಗವಾಯಿಗಳು ತಮ್ಮ ಜೊತೆ ಇಟ್ಟುಕೊಂಡು ಬೆಳೆಸಿದರು. ಅವರೇ ಪುಟ್ಟರಾಜ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅನ್ನದ ಸಾಲಿನಲ್ಲಿ ಕೂತವನೇ ಪಾಠದ ಸಾಲಿನಲ್ಲೂ ಕೂತ. ಅಲ್ಲಿ ಕಣ್ಣಿಲ್ಲದ ಗುರು ಕಣ್ಣಿಲ್ಲದ ಶಿಷ್ಯನಿಗೆ ಕಲಿಸಿದರು. ಈ ಸಂಗತಿಯನ್ನು ಪವಾಡ ಅಂತ ಹೇಳಿ ಮುಗಿಸಿಬಿಡುವ ಅಭ್ಯಾಸ ನಮಗಿದೆ. ನಾನು ಅದನ್ನು ಬೋಧನಾ ವಿಧಾನ ಎಂದು ನೋಡುತ್ತೇನೆ. ಶಿಷ್ಯನಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಯಾವ ದಾರಿಯಿಂದ ಬರುತ್ತದೆ ಎಂದು ಗುರು ಅರಿತುಕೊಂಡು ಹೆಜ್ಜೆಹೆಜ್ಜೆಯಾಗಿ ಕಲಿಸಿದ್ದು ಅದು.

ಈಗ ನಿಮ್ಮ ಪಠ್ಯಕ್ರಮಕ್ಕೆ ಬರೋಣ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷದ್ದಾಯಿತು. ಸಮನ್ವಯ ಶಾಲೆಯನ್ನು ರೂಪಿಸುವ ಬಗ್ಗೆ ಒಂದು ಪತ್ರಿಕೆಯೂ ಬಂತು. ಒಳ್ಳೆಯದೇ ಆಯಿತು. ಆದರೆ ಈ ಪತ್ರಿಕೆಯನ್ನು ನಾವು ಹೇಗೆ ಕಲಿಸುತ್ತೇವೆ? 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಆದವು, ಪಟ್ಟಿ ಬರೆಯಿರಿ, ಹತ್ತು ಅಂಕ. ನಮ್ಮ ಹುಡುಗರು ಇಪ್ಪತ್ತೊಂದನ್ನೂ ಗಟ್ಟಿ ಮಾಡಿ ಒಪ್ಪಿಸುತ್ತಾರೆ. ಆನವಟ್ಟಿಯ ಕಡೆಯದೋ ಶಿರಾಳಕೊಪ್ಪದ ಕಡೆಯದೋ ಒಂದು ಶಾಲೆಯಲ್ಲಿ ಮೂರನೆಯ ಬೆಂಚಿನ ಮಗು ಮೂರು ತಿಂಗಳಿಂದ ಪುಸ್ತಕ ತೆರೆಯದೆ ಕೂತಿದ್ದರೆ ನಾಳೆ ಬೆಳಿಗ್ಗೆ ಮೊದಲು ಏನು ಮಾಡಬೇಕು ಎಂದು ಕೇಳಿದರೆ ಅವರ ಹತ್ತಿರ ಉತ್ತರವಿಲ್ಲ. ಹೆಸರುಗಳನ್ನು ಕಲಿಸಿದ್ದೇವೆ, ಕ್ರಮವನ್ನು ಕಲಿಸಿಲ್ಲ. ವಿಶೇಷ ಶಿಕ್ಷಣ ಅನ್ನುವುದು ಮೊದಲಿನಿಂದ ಕೊನೆಯವರೆಗೆ ಒಂದು ಕ್ರಮ. ಅದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಮಗು ಮತ್ತೆ ಅನ್ನದ ಸಾಲಿಗೆ ಹೋಗಿ ಕೂರುತ್ತದೆ.

ಮೊದಲ ಹೆಜ್ಜೆ ನೋಡುವುದು. ನೋಡಿದ್ದನ್ನು ಬರೆದಿಡುವುದು. ಇದು ಡಾಕ್ಟರ ಕೆಲಸವಲ್ಲ, ನಿಮ್ಮದು. ‘ದಡ್ಡ’, ‘ಮಂಕು’, ‘ಗಮನ ಇಲ್ಲ’, ‘ಮನೆಯಲ್ಲಿ ಓದಿಸುವುದಿಲ್ಲ’ ಎಂಬ ಮಾತುಗಳು ಬರವಣಿಗೆಯಲ್ಲಿ ಬರಕೂಡದು, ಏಕೆಂದರೆ ಇವೆಲ್ಲ ತೀರ್ಪುಗಳು. ‘ಕರಿಹಲಗೆಯಿಂದ ನಾಲ್ಕು ಸಾಲು ಬರೆದುಕೊಳ್ಳಲು ಇಡೀ ಪಿರಿಯಡ್ ಬೇಕಾಯಿತು, ಪಕ್ಕದವಳ ಪುಸ್ತಕದಿಂದಾದರೆ ಹತ್ತೇ ನಿಮಿಷ’ ಎಂದು ಬರೆದರೆ ಅದು ನೋಟ. ಇಷ್ಟು ಬರೆದಿದ್ದರೆ ಕಣ್ಣಿನ ಪರೀಕ್ಷೆಗೆ ದಾರಿ ತಾನೇ ತೆರೆಯುತ್ತದೆ. ‘ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಎದುರಿಗೆ ನಿಂತು ಹೇಳಿದರೆ ಮಾಡುತ್ತಾನೆ, ಮಳೆಗಾಲದಲ್ಲಿ ಹೆಚ್ಚು’ ಎಂದು ಬರೆದಿದ್ದರೆ ಕಿವಿಯ ಕಡೆ ನೋಡಬೇಕು. ಕಿವಿ ಸೋರುವ ಮಕ್ಕಳು ನಮ್ಮ ಹಳ್ಳಿ ಶಾಲೆಗಳಲ್ಲಿ ಕಡಿಮೆಯಿಲ್ಲ. ಮನೆಯಲ್ಲಿ ಬಿಸಿ ಎಣ್ಣೆ ಬಿಟ್ಟು ಹತ್ತಿ ತುರುಕಿ ಕಳಿಸುತ್ತಾರೆ. ಕಿವಿ ಸೋರುವಾಗ ಕೇಳಿಸುವುದು ಮಂದವಾಗುತ್ತದೆ, ಒಣಗಿದಾಗ ಸುಧಾರಿಸಿದಂತೆ ಕಾಣುತ್ತದೆ. ‘ಅವನಿಗೆ ಬೇಕಾದಾಗ ಕೇಳಿಸುತ್ತೆ ಬಿಡಿ’ ಎಂದು ಬೈಸಿಕೊಳ್ಳುವ ಹುಡುಗ ಇವನೇ.

ಎರಡು ವಾರ ಹೀಗೆ ನೋಡಿ. ನೋಡುತ್ತಲೇ ತರಗತಿಯಲ್ಲಿ ಏನಾದರೂ ಸಣ್ಣ ಬದಲಾವಣೆ ಮಾಡಿ. ಮುಂದೆ ಕೂರಿಸಿ, ಹಲಗೆಯ ಅಕ್ಷರ ದೊಡ್ಡದು ಮಾಡಿ, ಸೂಚನೆಯನ್ನು ಒಂದೊಂದಾಗಿ ಕೊಡಿ. ಇಷ್ಟರಿಂದಲೇ ಸರಿಹೋಗುವ ಮಕ್ಕಳೂ ಇರುತ್ತಾರೆ. ಸರಿಹೋಗದಿದ್ದರೆ, ಏನು ಮಾಡಿದೆ, ಏನಾಯಿತು ಎಂಬುದು ಮುಂದಿನ ಹೆಜ್ಜೆಗೆ ಸಾಕ್ಷಿಯಾಗುತ್ತದೆ.

ಇಲ್ಲಿ ಸ್ವಲ್ಪ ನಿಂತು ಓದುವ ತೊಂದರೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ನಮ್ಮ ಪುಸ್ತಕಗಳಲ್ಲಿ ಇದರ ಬಗ್ಗೆ ಬರುವುದೆಲ್ಲ ಇಂಗ್ಲಿಷ್ ಓದುವ ಮಕ್ಕಳ ಲಕ್ಷಣಗಳು. ‘ಬಿ’ ಮತ್ತು ‘ಡಿ’ ಅದಲುಬದಲಾಗುತ್ತದೆ ಎಂದು ಬಾಯಿಪಾಠ ಮಾಡಿಕೊಂಡು ಹೋದ ಶಿಕ್ಷಕಿಗೆ ಕನ್ನಡ ಒಂದನೇ ತರಗತಿಯಲ್ಲಿ ಅದರಿಂದ ಯಾವ ಉಪಯೋಗವೂ ಇಲ್ಲ. ಇಂಗ್ಲಿಷಿನ ಮಗುವಿಗೆ 26 ಅಕ್ಷರ. ನಮ್ಮ ಮಗುವಿಗೆ ಗುಣಿತಾಕ್ಷರ ಸೇರಿದರೆ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಓದು ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಕ್ಷರಗಳನ್ನು ಪೂರ್ತಿಯಾಗಿ ಹಿಡಿತಕ್ಕೆ ತಂದುಕೊಳ್ಳುವ ಕೆಲಸ ನಾಲ್ಕನೆಯ ತರಗತಿಯವರೆಗೂ ನಡೆಯುತ್ತದೆ ಎಂದು ತೋರಿಸಿದ್ದಾರೆ. ಅಂದರೆ ಎರಡನೇ ತರಗತಿಯ ಮಗು ‘ಕ್ಷ’, ‘ಷ್ಟ್ರ’ ಕಂಡು ತಡವರಿಸಿದರೆ ಗಾಬರಿ ಬೇಡ. ನಾಲ್ಕನೇ ತರಗತಿ ಮುಗಿಯುತ್ತ ಬಂದರೂ ‘ಕಿ’ ಮತ್ತು ‘ಕೆ’ ಬೇರೆಯಾಗಿ ಕಾಣದಿದ್ದರೆ, ಓದಿದ ಪದವನ್ನೇ ಮುಂದಿನ ಸಾಲಿನಲ್ಲಿ ಮತ್ತೆ ಅಕ್ಷರಅಕ್ಷರವಾಗಿ ಕೂಡಿಸುತ್ತಿದ್ದರೆ, ಬಾಯಿಲೆಕ್ಕದಲ್ಲಿ, ಕಥೆ ಹೇಳುವುದರಲ್ಲಿ ಅದೇ ಮಗು ಚುರುಕಾಗಿದ್ದರೆ, ಆಗ ಯೋಚಿಸಬೇಕು. ‘ಭೂಮಿ’ಯನ್ನು ‘ಬೂಮಿ’ ಎಂದು ಬರೆದ ಹುಡುಗನನ್ನು ತಪಾಸಣೆಗೆ ಕಳಿಸಬೇಡಿ. ಅವನ ಊರಲ್ಲಿ ಯಾರೂ ಭೂಮಿ ಎನ್ನುವುದಿಲ್ಲ; ಕಿವಿಗೆ ಬಿದ್ದಂತೆ ಬರೆದಿದ್ದಾನೆ, ಸರಿಯಾಗಿಯೇ ಬರೆದಿದ್ದಾನೆ.

ಇದಕ್ಕಿಂತ ಸೂಕ್ಷ್ಮವಾದದ್ದು ಮನೆಮಾತಿನ ವಿಷಯ. ಶಿಕಾರಿಪುರ ತಾಲ್ಲೂಕಿನ ತಾಂಡಾಗಳಲ್ಲಿ ಮಗು ಆರು ವರ್ಷದವರೆಗೆ ಲಂಬಾಣಿಯಲ್ಲಿ ಬೆಳೆದಿರುತ್ತದೆ. ಶಿರಾಳಕೊಪ್ಪದಲ್ಲಿ ಎಷ್ಟೋ ಮನೆಗಳ ಮಾತು ಉರ್ದು. ಸೊರಬದ ಕಡೆಯ ದೀವರ ಮನೆಯ ಕನ್ನಡಕ್ಕೂ ಪಠ್ಯಪುಸ್ತಕದ ಕನ್ನಡಕ್ಕೂ ದೂರವಿದೆ. ಮೊದಲ ವರ್ಷ ಶಾಲೆಯಲ್ಲಿ ಬಾಯಿ ಬಿಡದ ತಾಂಡಾದ ಮಗುವಿಗೆ ಬುದ್ಧಿಮಾಂದ್ಯ ಎಂದು ಹಣೆಪಟ್ಟಿ ಹಚ್ಚುವುದು ಎಷ್ಟು ಸುಲಭವೋ, ‘ಭಾಷೆ ಬರುವುದಿಲ್ಲ ಅಷ್ಟೇ, ಮುಂದೆ ಸರಿಹೋಗುತ್ತೆ’ ಎಂದುಕೊಂಡು ನಿಜವಾಗಿ ಕಿವಿ ಕೇಳದ ಮಗುವನ್ನು ಮೂರು ವರ್ಷ ಕೈಬಿಡುವುದೂ ಅಷ್ಟೇ ಸುಲಭ. ಎರಡನ್ನೂ ತಪ್ಪಿಸುವ ಪ್ರಶ್ನೆ ಒಂದೇ: ಮನೆಮಾತಿನಲ್ಲಿ ಈ ಮಗು ಹೇಗೆ? ಅಜ್ಜಿಯ ಜೊತೆ ಹರಟುತ್ತದೆಯೇ, ಓರಗೆಯವರ ಜೊತೆ ಆಟದಲ್ಲಿ ಜಗಳವಾಡುತ್ತದೆಯೇ? ಕಲಿಕಾ ನ್ಯೂನತೆ ಎನ್ನಬೇಕಾದರೆ ಪಾಠವೇ ಸಿಗದಿರುವುದು, ಭಾಷೆ ಹೊಸದಾಗಿರುವುದು ಇವೆರಡನ್ನೂ ಮೊದಲು ಪಕ್ಕಕ್ಕಿಡಬೇಕು. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಅಂತ ತಂದೆತಾಯಿಯ ಜೊತೆ ಗುಳೆ ಹೋಗಿ ಬರುವ ಮಗುವಿಗೆ ಬೇಕಾದದ್ದು ಬಿಟ್ಟುಹೋದ ಪಾಠ, ಸರ್ಟಿಫಿಕೇಟು ಅಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಎಂಟು ವರ್ಷದಿಂದ ಆರಂಭ ಎಂದು ಹೇಳಿತು, ಮೂರನೇ ತರಗತಿಯಲ್ಲಿ ಶಿಕ್ಷಕರೇ ಮೊದಲ ಜರಡಿ ಹಿಡಿಯಬೇಕು ಎಂದಿತು. ಜರಡಿ ನಿಮ್ಮ ಕೈಯಲ್ಲಿದೆ, ಅದರ ಕಣ್ಣು ಎಷ್ಟು ದೊಡ್ಡದಿರಬೇಕೆಂದು ತಿಳಿದಿರಬೇಕು.

ಎರಡನೆಯ ಹೆಜ್ಜೆ ಮನೆಯವರ ಜೊತೆ ಮಾತು. ನನ್ನ ಅನುಭವದಲ್ಲಿ ಇಡೀ ಕ್ರಮದಲ್ಲಿ ಅತಿ ಕಷ್ಟದ್ದು ಇದು, ಮತ್ತು ನಾವು ಒಂದು ಗಂಟೆಯೂ ಕಲಿಸದೆ ಬಿಟ್ಟದ್ದು ಇದೇ. ತಾಯಿಯನ್ನು ಎಸ್‌ಡಿಎಂಸಿ ಸಭೆಯ ದಿನ, ಹತ್ತು ಜನರೆದುರು ಕರೆದು ‘ನಿಮ್ಮ ಹುಡುಗನಿಗೆ ಏನೋ ತೊಂದರೆ ಇದೆ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ’ ಎಂದರೆ ಆಕೆ ತಲೆಯಾಡಿಸಿ ಹೋಗುತ್ತಾಳೆ, ಆಮೇಲೆ ಹುಡುಗನನ್ನೇ ಶಾಲೆಗೆ ಕಳಿಸುವುದಿಲ್ಲ. ಮಗುವಿಗೆ ಏನು ಚೆನ್ನಾಗಿ ಬರುತ್ತದೆ ಎಂಬುದರಿಂದ ಮಾತು ಶುರುವಾಗಬೇಕು. ‘ಅಮ್ಮಾ, ನಿಮ್ಮ ಮಗಳು ಕಥೆ ಎಷ್ಟು ಚೆಂದ ಹೇಳ್ತಾಳೆ! ಬರೆಯೋಕೆ ಕೂತರೆ ಮಾತ್ರ ಅಳ್ತಾಳೆ. ಮನೇಲೂ ಹಾಗೇನಾ?’ ಎಂದು ಕೇಳಿ ಸುಮ್ಮನಾಗಿ. ನಿಮಗೆ ಗೊತ್ತಿಲ್ಲದ ನಾಲ್ಕು ವಿಷಯ ಆಕೆ ಹೇಳುತ್ತಾಳೆ. ‘ಇವರಪ್ಪನೂ ಹಂಗೇ ಇದ್ರು, ಈಗ ಅಡಿಕೆ ಮಂಡಿ ನಡೆಸ್ತಿಲ್ವಾ, ಸರಿಹೋಗ್ತಾಳೆ ಬಿಡಿ ಟೀಚರ್’ ಎಂದರೂ ಅದರಲ್ಲಿ ನಿಮಗೊಂದು ಸುಳಿವಿದೆ. ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತಿದ್ದೇವೆ ಎಂದರೆ ನಗಬೇಡಿ. ಹರಕೆಯೂ ಇರಲಿ, ಬುಧವಾರ ತಾಲ್ಲೂಕು ಆಸ್ಪತ್ರೆಗೂ ಹೋಗಿ ಬರೋಣ ಎನ್ನಿ. ಶಿಕಾರಿಪುರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಐವತ್ತು ಕಿಲೋಮೀಟರಿಗೂ ಹೆಚ್ಚು, ಸೊರಬದಿಂದ ಇನ್ನೂ ದೂರ. ಒಂದು ದಿನದ ಕೂಲಿ, ಬಸ್ಸು, ಊಟ, ಜೊತೆಗೆ ಇನ್ನೊಂದು ಕೂಸನ್ನು ಯಾರ ಹತ್ತಿರ ಬಿಡುವುದು ಎಂಬ ಚಿಂತೆ. ಅಡಿಕೆ ಕೊಯ್ಲಿನ ತಿಂಗಳಲ್ಲಿ ಬರಹೇಳಿ, ಬರಲಿಲ್ಲ ಎಂದು ‘ಪೋಷಕರ ಅಸಹಕಾರ’ ಅಂತ ಷರಾ ಬರೆಯುವವರಿಗೆ ಆ ಲೆಕ್ಕ ಹೊಳೆಯುವುದಿಲ್ಲ.

ಆಸ್ಪತ್ರೆಯ ದಾರಿ ಕಾಯದೆ ಶಾಲೆಯೇ ಮಾಡಬಹುದಾದದ್ದಕ್ಕೆ ನಮ್ಮ ಸೀಮೆಗೇ ಸಂಬಂಧಿಸಿದ ಒಂದು ಉದಾಹರಣೆ ಕೊಡುತ್ತೇನೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗುರುತಿಸಿದ, ಆ ಊರಿನ ಹೆಸರನ್ನೇ ಹೊತ್ತ ಕೀಲುಬೇನೆ ನಿಮಗೆ ಗೊತ್ತಿರಬಹುದು. ವಂಶವಾಹಿಯಿಂದ ಬರುವಂಥದ್ದು, ಅಂಟುರೋಗವಲ್ಲ. ಸೊಂಟ, ಮಂಡಿಯ ಕೀಲುಗಳು ನೋಯುತ್ತವೆ, ಕೆಲವರ ಬೆಳವಣಿಗೆ ಕುಂಠಿತವಾಗುತ್ತದೆ. ಕಲಿಯುವ ಬುದ್ಧಿಗೆ ಅದರಿಂದ ಏನೂ ಆಗುವುದಿಲ್ಲ. ಇಂಥ ಮಗು ತರಗತಿಯಲ್ಲಿದ್ದರೆ ಬೇಕಾದದ್ದು ಏನು? ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂರಿಸದೆ ಒಂದು ಕುರ್ಚಿ. ಕೂತು ಬಳಸುವ ಶೌಚಾಲಯ. ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲಬೇಕೆಂಬ ಒತ್ತಾಯ ಬೇಡ. ಮೇಲಿನ ಮಹಡಿಯ ತರಗತಿಯನ್ನು ಕೆಳಗಿಳಿಸಬೇಕು. ಇದಕ್ಕೆ ಯಾವ ತಜ್ಞರ ವರದಿಗೂ ಕಾಯಬೇಕಾಗಿಲ್ಲ, ಮುಖ್ಯೋಪಾಧ್ಯಾಯರ ಒಂದು ಮಾತು ಸಾಕು. 2016ರ ಕಾಯ್ದೆಯ 16ನೆಯ ಕಲಮು ಇದನ್ನೇ ಸೂಕ್ತ ಹೊಂದಾಣಿಕೆ ಎಂದು ಶಾಲೆಯ ಕರ್ತವ್ಯವಾಗಿ ವಿಧಿಸಿದೆ.

ಮೂರನೆಯದು ತಪಾಸಣೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 2013ರಿಂದ ಅಂಗನವಾಡಿ, ಶಾಲೆಗಳಿಗೆ ಬರುತ್ತಿದೆ. ಸಮಗ್ರ ಶಿಕ್ಷಣದ ಅಡಿಯಲ್ಲಿ ಬಿಆರ್‌ಸಿಯಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರ ನಡೆಯುತ್ತದೆ. ಬಿಐಇಆರ್‌ಟಿ ಎಂದು ನಾವು ಕರೆಯುವ ಸಂಪನ್ಮೂಲ ಶಿಕ್ಷಕರು ಅಲ್ಲಿರುತ್ತಾರೆ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸುವವರು ಇವರೇ. ಮಾತು, ಕಿವಿಯ ತೊಂದರೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ವ್ಯವಸ್ಥೆ ಇಲ್ಲವೆಂದು ಹೇಳುವಂತಿಲ್ಲ, ಸಾಲದು ಎನ್ನಬಹುದು. ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೊಬ್ಬ, ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಅದನ್ನು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೇ ಸೇರಿಸಿತು. ಒಂದು ತಾಲ್ಲೂಕಿನ ನೂರಾರು ಶಾಲೆಗಳಿಗೆ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು ಬಸ್ಸು ಹತ್ತಿ ಇಳಿಯುತ್ತಿರುವಾಗ ಈ ಅನುಪಾತ ಇನ್ನೂ ಕಾಗದದ ಮೇಲಿದೆ. ಆ ಹುದ್ದೆಗಳು ತುಂಬುವವರೆಗೆ, ತುಂಬಿದ ಮೇಲೂ, ದಿನದ ಐದೂವರೆ ಗಂಟೆ ಮಗುವಿನ ಜೊತೆ ಇರುವವರು ನೀವೇ.

ಶಿಬಿರದಲ್ಲಿ ಕ್ರಮ ಎಲ್ಲಿ ಮುರಿಯುತ್ತದೆ ಗೊತ್ತೇ? ಅಂಗವೈಕಲ್ಯದ ಶೇಕಡಾವಾರಿನಲ್ಲಿ. ನಲವತ್ತಕ್ಕೆ ಮುಟ್ಟಿದರೆ ಕಾರ್ಡು, ಮಾಸಾಶನ, ಬಸ್ ಪಾಸು, ವಿದ್ಯಾರ್ಥಿವೇತನ. ಮುಟ್ಟದಿದ್ದರೆ ಎಲ್ಲರೂ ಕೈಚೆಲ್ಲಿ ಮನೆಗೆ. ಮನೆಯವರಿಗೆ ಮಾಸಾಶನ ಮುಖ್ಯ, ಅದು ಸಹಜ, ಬಡತನಕ್ಕೆ ಅದು ದೊಡ್ಡ ಆಸರೆ. ಆದರೆ ಶಿಕ್ಷಕರಿಗೂ ಅಲ್ಲಿಗೆ ಕೆಲಸ ಮುಗಿದಂತಾದರೆ ನಾವು ಇನ್ನೂ 1162ರಲ್ಲೇ ಇದ್ದೇವೆ ಎಂದಾಯಿತು. 2016ರ ಕಾಯ್ದೆಯ 31ನೆಯ ಕಲಮಿನ ಉಚಿತ ಶಿಕ್ಷಣದ ಹಕ್ಕು ನಲವತ್ತು ಮುಟ್ಟಿದ ಮಕ್ಕಳಿಗೆ, 6ರಿಂದ 18 ವರ್ಷದವರೆಗೆ. ಆದರೆ 16ನೆಯ ಕಲಮಿನ ಹೊಂದಾಣಿಕೆಗೆ ಆ ಗೆರೆಯಿಲ್ಲ. ಶೇಕಡಾ 35 ಎಂದು ಬರೆಸಿಕೊಂಡು ಬಂದ ಮಗುವಿನ ಕಿವಿಗೂ ನಿಮ್ಮ ಧ್ವನಿ ಮುಟ್ಟಬೇಕು.

ನಾಲ್ಕನೆಯದು ಯೋಜನೆ. ವೈಯಕ್ತಿಕ ಶೈಕ್ಷಣಿಕ ಯೋಜನೆ, ಐಇಪಿ. ಅಮೆರಿಕದಲ್ಲಿ 1975ರ ಕಾನೂನಿನಿಂದ ಅದು ಕಡ್ಡಾಯ ದಾಖಲೆ, ತಂದೆತಾಯಿ ಅದನ್ನು ರೂಪಿಸುವ ತಂಡದ ಸದಸ್ಯರು. ನಮ್ಮ 2016ರ ಕಾಯ್ದೆ ಪ್ರತಿ ಮಗುವಿನ ಪಾಲ್ಗೊಳ್ಳುವಿಕೆ, ಪ್ರಗತಿ ಗಮನಿಸಿ ಎನ್ನುತ್ತದೆ, ಇಂಥ ಯೋಜನೆಯ ಹೆಸರು ಎತ್ತುವುದಿಲ್ಲ. ಹಾಗಾಗಿ ಇದು ನಮ್ಮಲ್ಲಿ ಸಂಪನ್ಮೂಲ ಶಿಕ್ಷಕರು ಬರೆದಿಟ್ಟುಕೊಳ್ಳುವ ಕಡತವಾಗಿ ಉಳಿದಿದೆ, ತರಗತಿ ಶಿಕ್ಷಕರ ಮೇಜಿಗೆ ಬಂದಿಲ್ಲ. ವಿಚಿತ್ರವೆಂದರೆ ಇದರ ಮೂಲಗುಣ ನಮ್ಮ ನಲಿಕಲಿಗೆ ಚೆನ್ನಾಗಿ ಗೊತ್ತು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಹುಟ್ಟಿ ರಾಜ್ಯವಿಡೀ ಹರಡಿದ ಆ ಪದ್ಧತಿಯಲ್ಲಿ ಪ್ರತಿ ಮಗು ತನ್ನ ಮೆಟ್ಟಿಲಲ್ಲಿರುತ್ತದೆ. ಪೂರ್ಣ ಶಿಕ್ಷಕರ ಸಹಾಯದ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗೆ ಗುಂಪು ಬದಲಾಯಿಸುತ್ತ ಹೋಗುತ್ತದೆ. ಮೂವತ್ತು ಮಕ್ಕಳು ಮೂವತ್ತು ಮೆಟ್ಟಿಲಲ್ಲಿದ್ದರೂ ತರಗತಿ ನಡೆಸಬಲ್ಲ ಶಿಕ್ಷಕಿಗೆ ಐಇಪಿ ಅಂದರೆ ಹೆದರಿಕೆ ಯಾಕೆ? ನಾಲ್ಕನೇ ತರಗತಿಯಲ್ಲಿ ಏಣಿ ತೆಗೆದಿಟ್ಟು ಎಲ್ಲರನ್ನೂ ಒಂದೇ ಪುಟಕ್ಕೆ ತಂದು ನಿಲ್ಲಿಸುತ್ತೇವಲ್ಲ, ತೊಂದರೆ ಇರುವ ಮಗು ನೆಲಕ್ಕೆ ಬೀಳುವುದು ಅಲ್ಲೇ.

ಯೋಜನೆಯ ವಾಕ್ಯ ಬರೆಯುವುದನ್ನು ನಾನು ಪ್ರಶಿಕ್ಷಣಾರ್ಥಿಗಳಿಗೆ ಕೈಹಿಡಿದು ತಿದ್ದಿಸುತ್ತೇನೆ. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ‘ಓದುವ ಸಾಮರ್ಥ್ಯವನ್ನು ಅಭಿವೃದ್ಧಿಪಡಿಸುವುದು’ ಎಂದು ಬರೆದು ತರುತ್ತಾರೆ. ಅದು ಯೋಜನೆಯಲ್ಲ, ಶುಭಹಾರೈಕೆ. ‘ಒತ್ತಕ್ಷರವಿಲ್ಲದ, ಮೂರಕ್ಷರದ ಹತ್ತು ಪದ ಕೊಟ್ಟರೆ ದಸರಾ ರಜೆಯೊಳಗೆ ಎಂಟನ್ನು ಚಿತ್ರದ ನೆರವಿಲ್ಲದೆ ಓದುತ್ತಾಳೆ. ಈಗ ಮೂರು ಓದುತ್ತಾಳೆ. ದಿನಾ ಹದಿನೈದು ನಿಮಿಷ, ಮಿಂಚುಪಟ್ಟಿಯ ಜೊತೆ, ಮಂಗಳವಾರ ಶುಕ್ರವಾರ ಗೆಳತಿಯೊಬ್ಬಳ ಜೊತೆ. ಪರಿಸರ ಅಧ್ಯಯನದ ಉತ್ತರವನ್ನು ಬಾಯಲ್ಲಿ ಹೇಳಿದರೂ ಅಂಕ.’ ಹೀಗೆ ಬರೆದರೆ ಈಗ ಎಲ್ಲಿದ್ದಾಳೆ, ಎಲ್ಲಿಗೆ, ಯಾವಾಗ, ಯಾರು, ಹೇಗೆ ಎಲ್ಲವೂ ಇದೆ. ಕೊನೆಯ ವಾಕ್ಯವನ್ನು ಗಮನಿಸಿ. ಓದು ಬರುವವರೆಗೆ ಪರಿಸರ ಅಧ್ಯಯನವನ್ನು ಆಕೆಗೆ ನಿರಾಕರಿಸುವ ಹಕ್ಕು ನಮಗಿಲ್ಲ. ಈ ಯೋಜನೆಯನ್ನು ತಾಯಿಯ ಎದುರು ಓದಿ. ಆಕೆಗೆ ಅರ್ಥವಾಗದ ಪದವಿದ್ದರೆ ಅದನ್ನು ಹೊಡೆದುಹಾಕಿ.

ದೃಷ್ಟಿದೋಷದ ಮಗುವಿಗಾದರೆ ಬೇರೆ ತರಹ. ಕನ್ನಡ ಬ್ರೈಲ್‌ನಲ್ಲಿ ಒತ್ತು ಕೆಳಗಿಳಿಯುವುದಿಲ್ಲ, ಸ್ವರಚಿಹ್ನೆ ತಲೆಯ ಮೇಲೆ ಕೂರುವುದಿಲ್ಲ, ಎಲ್ಲವೂ ಎಡದಿಂದ ಬಲಕ್ಕೆ ಒಂದೇ ಸಾಲಿನಲ್ಲಿ. ತರಗತಿ ಶಿಕ್ಷಕರು ಬೆರಳಿನಿಂದ ಓದಲು ಕಲಿಯಲೇಬೇಕೆಂದಿಲ್ಲ, ಕಣ್ಣಿನಿಂದ ಓದಲು ಕಲಿಯಬಹುದು. ಕಲಿತರೆ ಆ ಮಗುವಿನ ನೋಟ್ಸು ತಿದ್ದಲು ಸಂಪನ್ಮೂಲ ಶಿಕ್ಷಕರು ಬರುವವರೆಗೆ ಕಾಯಬೇಕಿಲ್ಲ.

ಗೃಹಾಧಾರಿತ ಶಿಕ್ಷಣದ ಬಗ್ಗೆ ಎರಡು ಮಾತು. ತೀವ್ರ ಅಥವಾ ಬಹುವಿಧ ವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ಕೊಟ್ಟಿತು. ಆಯ್ಕೆ ಮನೆಯವರದು, ಶಾಲೆಯ ಅನುಕೂಲಕ್ಕಲ್ಲ. ರ‍್ಯಾಂಪ್ ಇಲ್ಲ, ಗಾಲಿಕುರ್ಚಿ ಒಳಗೆ ಬರುವುದಿಲ್ಲ ಎಂಬ ಕಾರಣಕ್ಕೆ ಮಗುವನ್ನು ಗೃಹಾಧಾರಿತಕ್ಕೆ ಸೇರಿಸಿದರೆ ಹೆಸರು ಎಸ್‌ಎಟಿಎಸ್‌ನಲ್ಲಿರುತ್ತದೆ, ಮಗು ಹಟ್ಟಿಯ ಜಗಲಿಯಲ್ಲಿರುತ್ತದೆ. ಸಂಪನ್ಮೂಲ ಶಿಕ್ಷಕರು ಮನೆಗೆ ಹೋದ ದಿನ ಪಾಠ, ಉಳಿದ ದಿನ ಇಲ್ಲ. ತರಗತಿಯ ಮಕ್ಕಳು ತಿಂಗಳಿಗೊಮ್ಮೆ ಹೋಗಿ ಬರಲಿ, ಶಾಲೆಯ ವಾರ್ಷಿಕೋತ್ಸವಕ್ಕೆ ಆ ಮಗುವನ್ನು ಕರೆತರಲಿ. ಹಾಗೆ ಶುರುವಾದ ಓಡಾಟ ಎಷ್ಟೋ ಕಡೆ ವಾರಕ್ಕೆರಡು ದಿನ ಶಾಲೆಗೆ ಬರುವುದಾಗಿ ಬೆಳೆಯಬಹುದು.

ಈಗ ಇದನ್ನೆಲ್ಲ ಕಲಿಸುವುದು ಹೇಗೆ ಎಂಬ ಪ್ರಶ್ನೆ. ನನ್ನ ಪ್ರಸ್ತಾಪ ಸರಳ. ಬಿ.ಇಡಿ.ಯಲ್ಲಿ ಕನಿಷ್ಠ ಇಪ್ಪತ್ತು ವಾರಗಳ ಶಾಲಾ ಅನುಭವ ಇದೆ, ಅದರಲ್ಲಿ ಹದಿನಾರು ವಾರ ಎರಡನೆಯ ವರ್ಷದಲ್ಲಿ. ಹದಿನಾರು ವಾರ ಸಣ್ಣ ಅವಧಿಯಲ್ಲ. ಆ ಹೊತ್ತಿನಲ್ಲಿ ಪ್ರತಿ ಇಬ್ಬರು ಪ್ರಶಿಕ್ಷಣಾರ್ಥಿಗಳು ಒಂದು ಮಗುವಿನ ಜೊತೆ ಇಡೀ ಕ್ರಮವನ್ನು ನಡೆಯಲಿ. ಮೊದಲ ಎರಡು ವಾರ ಬರೀ ನೋಟ, ಬರವಣಿಗೆ. ಆಮೇಲೆ ಮನೆಭೇಟಿ, ತರಗತಿ ಶಿಕ್ಷಕರ ಜೊತೆಯಲ್ಲೇ, ಮನೆಯವರ ಒಪ್ಪಿಗೆಯ ಮೇಲೆ. ಬಿಆರ್‌ಸಿ ಶಿಬಿರ ಇದ್ದರೆ ಅಲ್ಲಿ ಒಂದು ದಿನ ಕೈಕೆಲಸ ಮಾಡಲಿ, ಸಾಲಿನಲ್ಲಿ ಕಾಯುವ ತಾಯಂದಿರ ಜೊತೆ ಕೂತಿರಲಿ. ಬಿಐಇಆರ್‌ಟಿ ಜೊತೆ ಬಸ್ಸಿನಲ್ಲಿ ಒಂದು ಮನೆಗೆ ಹೋಗಿ ಬರಲಿ. ಒಂದು ಯೋಜನೆ ಬರೆದು, ಎಂಟು ವಾರ ನಡೆಸಿ, ಯಾವುದು ಆಗಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆಯಲಿ. ಅಂಕವನ್ನು ಮಗುವಿನ ಪ್ರಗತಿಗೆ ಕೊಡಬೇಡಿ, ಕೊಟ್ಟರೆ ಸುಳ್ಳು ಬರೆಯುತ್ತಾರೆ. ಯೋಜನೆಯನ್ನು ಎಷ್ಟು ಬಾರಿ ಯಾಕೆ ಬದಲಾಯಿಸಿದರು ಎಂಬುದಕ್ಕೆ ಕೊಡಿ. ಮಗುವಿನ ಹೆಸರು, ಫೋಟೋ ವರದಿಯಲ್ಲಿ ಬೇಡ. ಮೌಖಿಕ ಪರೀಕ್ಷೆಗೆ ಆ ಮಗುವನ್ನು ಪ್ರದರ್ಶನದ ವಸ್ತುವಾಗಿ ಕರೆತರುವುದಂತೂ ಕೂಡದೇ ಕೂಡದು.

ಉಪನ್ಯಾಸಕರಿಗೆ ಇದು ಹೊರೆ ಅನಿಸಬಹುದು. ಚಾರ್ಟು, ಮಾಡೆಲ್ಲು, ಕಡತಗಳಿಗೆ ಈಗ ಹೋಗುತ್ತಿರುವ ಹೊತ್ತಿನಲ್ಲಿ ಅರ್ಧ ಸಾಕು ಎಂದು ನನ್ನ ಲೆಕ್ಕ. ನಮ್ಮ ಪ್ರಶಿಕ್ಷಣಾರ್ಥಿಗಳು ಥರ್ಮಕೋಲಿನಲ್ಲಿ ಮಾಡಿದ ಕಿವಿಯ ಮಾದರಿಗಳು ಅಲಮಾರಿಗಳಲ್ಲಿ ಧೂಳು ಕುಡಿಯುತ್ತಿವೆ, ಅವುಗಳಿಂದ ಯಾವ ಮಗುವಿಗೂ ಏನೂ ಕೇಳಿಸಲಿಲ್ಲ.

ಕೊನೆಯದಾಗಿ ಬಿ.ಇಡಿ. ಮಾಡುತ್ತಿರುವವರಿಗೆ ವಿಶೇಷವಾಗಿ ಒಂದು ವಿಷಯ, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಪ್ರೌಢಶಾಲೆಗೆ ಹೋಗುತ್ತೀರಿ. ನಮ್ಮ ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಎಂಟನೆಯದಕ್ಕೆ ಮಗು ಬೇರೆ ಊರಿಗೆ, ಬೇರೆ ಶಾಲೆಗೆ, ವಿಷಯಕ್ಕೊಬ್ಬರಂತೆ ಆರು ಜನ ಹೊಸ ಶಿಕ್ಷಕರ ಕೈಗೆ ಹೋಗುತ್ತದೆ. ವರ್ಗಾವಣೆ ಪತ್ರ ಜೊತೆಗೆ ಹೋಗುತ್ತದೆ, ಯೋಜನೆಯ ಕಡತ ಹೋಗುವುದಿಲ್ಲ. ಏಳು ವರ್ಷ ಒಬ್ಬರೋ ಇಬ್ಬರೋ ಶಿಕ್ಷಕರು ಅರಿತುಕೊಂಡದ್ದೆಲ್ಲ ಅಲ್ಲೇ ಉಳಿಯುತ್ತದೆ. ಹೊಸ ಶಾಲೆಯಲ್ಲಿ ಮಗು ಮತ್ತೆ ‘ಗಮನ ಇಲ್ಲದವನು’ ಆಗುತ್ತದೆ. ಹತ್ತನೇ ತರಗತಿಯ ಪರೀಕ್ಷೆಗೆ ಎರಡು ತಿಂಗಳಿರುವಾಗ ಯಾರಿಗೋ ನೆನಪಾಗಿ ಲಿಪಿಕಾರರಿಗೆ, ಹೆಚ್ಚಿನ ಸಮಯಕ್ಕೆ ಅರ್ಜಿ ಹಾಕಲು ಓಡುತ್ತಾರೆ. ಆಗ ಪ್ರಮಾಣಪತ್ರ ಇರುವುದಿಲ್ಲ, ಲಿಪಿಕಾರನಿಗೆ ಉತ್ತರ ಹೇಳಿ ಬರೆಸುವ ಅಭ್ಯಾಸವೂ ಮಗುವಿಗೆ ಇರುವುದಿಲ್ಲ. ಹೇಳಿ ಬರೆಸುವುದು ಕಲಿಯಬೇಕಾದ ವಿದ್ಯೆ, ಮೂರು ವರ್ಷದ ಅಭ್ಯಾಸ ಬೇಕು. ಹೆಚ್ಚಿನ ಸಮಯ, ಲಿಪಿಕಾರ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವು ಮೂರನ್ನೂ 2016ರ ಕಾಯ್ದೆಯ 17ನೆಯ ಕಲಮು ಹೆಸರಿಸಿದೆ. ಇವುಗಳಲ್ಲಿ ಯಾವುದು ಈ ಮಗುವಿಗೆ ಬೇಕು, ಯಾವುದು ಬೇಡ ಎಂಬುದು ಎಂಟನೇ ತರಗತಿಯ ಜುಲೈ ತಿಂಗಳಲ್ಲಿ ತೀರ್ಮಾನವಾಗಬೇಕು. ಎಲ್ಲ ವಿನಾಯಿತಿಯೂ ಎಲ್ಲರಿಗೂ ಒಳ್ಳೆಯದಲ್ಲ. ಇಂಗ್ಲಿಷ್ ಬಿಟ್ಟ ಹುಡುಗನಿಗೆ ಮುಂದೆ ಡಿಪ್ಲೊಮಾದಲ್ಲಿ ತೊಡಕಾಗಬಹುದು. ಅದನ್ನು ಅವನ ಜೊತೆ, ಅವನ ಮನೆಯವರ ಜೊತೆ ಕೂತು ಮಾತಾಡಬೇಕು, ಅವನಿಲ್ಲದಾಗ ಅಲ್ಲ.

ಆದ್ದರಿಂದ ಜೂನ್ ತಿಂಗಳಲ್ಲಿ ಎಂಟನೇ ತರಗತಿಯ ದಾಖಲಾತಿ ಮಾಡಿಕೊಳ್ಳುವಾಗ ವರ್ಗಾವಣೆ ಪತ್ರದ ಜೊತೆ ಇನ್ನೊಂದು ಪುಟ ಕೇಳಿ. ಬಂದ ಶಾಲೆಯವರು ಕೊಡದಿದ್ದರೆ ಫೋನ್ ಮಾಡಿ, ಸಿಆರ್‌ಪಿಯವರ ಮೂಲಕ ಕೇಳಿಸಿ, ಆಗದಿದ್ದರೆ ಆ ಶಾಲೆಗೇ ಹೋಗಿ. ಬಹುತೇಕ ಹತ್ತು ಕಿಲೋಮೀಟರಿನೊಳಗೇ ಇರುತ್ತದೆ. ಏಳನೇ ತರಗತಿಯ ಶಿಕ್ಷಕರ ಜೊತೆ ಅರ್ಧ ಗಂಟೆ ಕೂತು, ಈ ಮಗು ಯಾವುದರಿಂದ ಕಲಿಯುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಗೆಳೆಯನ ಪಕ್ಕ ಕೂರಬೇಕು, ಏನನ್ನು ಪ್ರಯತ್ನಿಸಿ ಕೈಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳಿ. ಆ ಹಾಳೆಯ ಪ್ರತಿ ನಿಮ್ಮ ಶಾಲೆಯ ಆರೂ ಶಿಕ್ಷಕರ ಕೈಗೆ ಮೊದಲ ವಾರದಲ್ಲೇ ಹೋಗಬೇಕು. ಗಣಿತದವರಿಗೆ, ಹಿಂದಿಯವರಿಗೆ, ದೈಹಿಕ ಶಿಕ್ಷಣದವರಿಗೂ.